ಮೊದಲು ತಯಾರಿ, ಆಮೇಲೆ ತಾರೀಖು

ಪ್ರಶ್ನೆ: ನಮ್ಮ ಅವ್ವನಿಗೆ 66 ವರ್ಷ. ಎರಡೂ ಮೊಣಕಾಲು ಸವೆದಿವೆ. ಮೆಣಸಿನಕಾಯಿ ಸುಗ್ಗಿಯಲ್ಲಿ ದಿನವಿಡೀ ನೆಲಕ್ಕೆ ಕೂತು ತೊಟ್ಟು ಬಿಡಿಸಿ ಸಂಸಾರ ತೂಗಿಸಿದವಳು, ಈಗ ಕೂತರೆ ಎಬ್ಬಿಸಲು ಇಬ್ಬರು ಬೇಕು. ಹುಬ್ಬಳ್ಳಿಯ ಎಲುಬಿನ ಡಾಕ್ಟರು ಕೀಲು ಬದಲಿಸಬೇಕು ಎಂದಿದ್ದಾರೆ. ಆದರೆ ಎಂಟು ತಿಂಗಳ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿದ್ದೇವೆ. ಬಿಪಿ ಇದೆ, ಹಳೆಯ ಸಕ್ಕರೆ ಕಾಯಿಲೆ ಇದೆ; ಮೂರು ತಿಂಗಳ ಸರಾಸರಿ 9.2 ಬಂದಿದೆ. ಅಣ್ಣ ‘ಮುಂದಿನ ತಿಂಗಳೇ ಎರಡೂ ಕಾಲು ಒಂದೇ ಸಲ ಮಾಡಿಸಿಬಿಡೋಣ’ ಅನ್ನುತ್ತಾನೆ. ಓಣಿಯವರು ‘ಸ್ಟೆಂಟ್ ಇದ್ದೋರಿಗೆ ಆಪರೇಷನ್ ಮಾಡಿಸಬ್ಯಾಡ್ರಿ’ ಎಂದು ಹೆದರಿಸುತ್ತಾರೆ. ಯಾರ ಮಾತು ಕೇಳಲಿ?
– ಹೆಸರು ಬೇಡ, ಅಗಡಿ, ಹಾವೇರಿ ತಾಲ್ಲೂಕು

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ. ಸ್ಟೆಂಟ್ ಇದ್ದವರಿಗೂ, ಸಕ್ಕರೆ ಕಾಯಿಲೆ ಇದ್ದವರಿಗೂ ಮೊಣಕಾಲಿನ ಕೀಲು ಬದಲಿಸುತ್ತಾರೆ. ಆದರೆ ಮುಂದಿನ ತಿಂಗಳು ನಿಮ್ಮ ಅವ್ವನಿಗೆ ತಕ್ಕ ಕಾಲವಲ್ಲ. ಸವೆದ ಮೊಣಕಾಲು ನೋವು ಕೊಡುತ್ತದೆ, ಆದರೆ ನಾಲ್ಕಾರು ತಿಂಗಳು ತಡವಾದರೆ ಜೀವಕ್ಕೆ ಅಪಾಯವಿಲ್ಲ. ಹೃದಯದ ವಿಷಯ ಹಾಗಲ್ಲ.

ಹೃದಯಾಘಾತವಾಗಿ ಸ್ಟೆಂಟ್ ಹಾಕಿದವರಿಗೆ, ತುರ್ತಿಲ್ಲದ ಆಪರೇಷನ್ನನ್ನು ಸಾಮಾನ್ಯವಾಗಿ ಒಂದು ವರ್ಷ ಮುಂದೂಡುತ್ತಾರೆ. ಆ ಅವಧಿಯಲ್ಲಿ ಆಸ್ಪಿರಿನ್ ಜೊತೆಗೆ ಕ್ಲೋಪಿಡೋಗ್ರೆಲ್‌ನಂಥ ಇನ್ನೊಂದು ‘ರಕ್ತ ತೆಳುವಾಗಿಸುವ’ ಗುಳಿಗೆ ನಡೆಯುತ್ತಿರುತ್ತದೆ. ಅದನ್ನು ನಿಲ್ಲಿಸದಿದ್ದರೆ ಬೆನ್ನಿಗೆ ಅರಿವಳಿಕೆ ಕೊಡುವಾಗ ರಕ್ತಸ್ರಾವದ ಭಯ. ಬೇಗ ನಿಲ್ಲಿಸಿದರೆ ಸ್ಟೆಂಟ್‌ನೊಳಗೇ ರಕ್ತ ಹೆಪ್ಪುಗಟ್ಟುವ ಭಯ. ಸಮಯ ಬಂದಾಗ ಕ್ಲೋಪಿಡೋಗ್ರೆಲ್ಲನ್ನು ಐದರಿಂದ ಏಳು ದಿನ ಮೊದಲು ನಿಲ್ಲಿಸಿ, ಆಸ್ಪಿರಿನ್ ಮುಂದುವರಿಸುವುದುಂಟು. ಯಾವುದನ್ನು ಯಾವ ದಿನ ನಿಲ್ಲಿಸಬೇಕು ಎಂಬುದನ್ನು ಹೃದಯದ ಡಾಕ್ಟರೇ ಬರೆದುಕೊಡಬೇಕು. ಅಣ್ಣನಾಗಲಿ, ಔಷಧಿ ಅಂಗಡಿಯವರಾಗಲಿ ಹೇಳಿದರೆಂದು ಒಂದು ಗುಳಿಗೆಯನ್ನೂ ಬಿಡಬೇಡಿ.

ಹಾಗಾದರೆ ನಿಮ್ಮ ಕೈಯಲ್ಲಿ ಕನಿಷ್ಠ ನಾಲ್ಕು ತಿಂಗಳಿದೆ. ಸಕ್ಕರೆ ಹಿಡಿತಕ್ಕೆ ತರಲು ಅಷ್ಟು ಸಮಯ ಬೇಕೇ ಬೇಕು. ಈ ಆಪರೇಷನ್ನಿಗೆ ಮುಂಚೆ ಆ ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, 8ರ ಒಳಗೆ ಬರಲಿ ಎಂದು ಬಹಳ ಡಾಕ್ಟರುಗಳು ಕೇಳುತ್ತಾರೆ. ಕಾರಣವಿದೆ. ಲೋಹದ ಕೀಲಿಗೆ ರಕ್ತದ ಓಡಾಟವಿಲ್ಲ. ಅಲ್ಲಿ ಸೋಂಕು ಅಂಟಿಕೊಂಡರೆ ಔಷಧಿ ಸರಿಯಾಗಿ ತಲುಪುವುದಿಲ್ಲ. ಕೆಲವೊಮ್ಮೆ ಹೊಸ ಕೀಲನ್ನೇ ತೆಗೆಯಬೇಕಾಗುತ್ತದೆ. ಸಕ್ಕರೆ ಏರಿದ್ದಷ್ಟೂ ಸೋಂಕಿಗೆ ಅನುಕೂಲ. ಅದೇ ಕಾರಣಕ್ಕೆ ಹುಳುಕು ಹಲ್ಲು, ಉರಿಮೂತ್ರ, ಹಿಮ್ಮಡಿಯ ಬಿರುಕು, ಬೆರಳ ಸಂದಿನ ಹುಣ್ಣು ಇವೆಲ್ಲ ಮೊದಲೇ ವಾಸಿಯಾಗಬೇಕು. ಎಲೆಯಡಿಕೆ ಜೊತೆ ತಂಬಾಕು ಹಾಕುವ ಚಟವಿದ್ದರೆ ಈಗಲೇ ಬಿಡಿಸಿ. ಮೊಣಕಾಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಮಾಡಿಸಿದ್ದರೆ, ಆ ತಾರೀಖಿನಿಂದ ಮೂರು ತಿಂಗಳಾದರೂ ಕಳೆಯಬೇಕು. ಹಿಮೋಗ್ಲೋಬಿನ್ ಮತ್ತು ಕ್ರಿಯಾಟಿನಿನ್ ಪರೀಕ್ಷೆಯನ್ನೂ ಮಾಡಿಸಿ.

ಇನ್ನು ಅವ್ವನ ಗುಳಿಗೆ ಚೀಲ. ನಮ್ಮ ಕಡೆ ಬಹಳ ಮನೆಗಳಲ್ಲಿ ಅದು ಬಾಗಿಲ ಹಿಂದಿನ ಮೊಳೆಗೆ ತೂಗುಬಿದ್ದ ಒಂದು ಪ್ಲಾಸ್ಟಿಕ್ ಕೈಚೀಲ. ಒಳಗೆ ಹೆಸರಿನ ತುದಿ ಕತ್ತರಿಸಿಹೋದ ಪಟ್ಟಿಗಳು, ‘ಬಿಳೀದು ಮುಂಜಾನೆ, ಕೆಂಪು ರಾತ್ರಿ’ ಎಂಬ ಲೆಕ್ಕ, ತಳದಲ್ಲಿ ಕಾಗದದ ಪೊಟ್ಟಣದಲ್ಲಿ ಕೀಲುನೋವಿನ ಪುಡಿ. ಆ ಚೀಲವನ್ನು ಸುರುವಿ, ಪ್ರತಿ ಗುಳಿಗೆಯ ಹೆಸರು, ಪ್ರಮಾಣ, ಹೊತ್ತು ಇವನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ಸ್ಟೆಂಟ್ ಹಾಕಿದ ತಾರೀಖು, ಹಿಂದಿನ ಆಪರೇಷನ್ನುಗಳು, ಮೈಗೆ ಒಗ್ಗದ ಔಷಧಿ ಕೆಳಗೆ ಬರಲಿ.

ಪುಡಿ ಇದ್ದರೆ ಮುಚ್ಚಿಡಬೇಡಿ. ಹೆಸರಿಲ್ಲದ ನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ಬಹಳ ದಿನ ತಿಂದವರು ಅದನ್ನು ಒಮ್ಮೆಲೇ ಬಿಟ್ಟರೆ, ಆಪರೇಷನ್ ಹೊತ್ತಿನಲ್ಲಿ ಬಿಪಿ ಕುಸಿಯಬಹುದು. ಅರಿವಳಿಕೆ ಡಾಕ್ಟರಿಗೆ ಗೊತ್ತಿದ್ದರೆ ಅದಕ್ಕೆ ದಾರಿಯಿದೆ. ಡೈಕ್ಲೊಫಿನಾಕ್‌ನಂಥ ನೋವಿನ ಗುಳಿಗೆಯೂ ಹೃದಯಾಘಾತವಾದವರಿಗೆ ಒಳ್ಳೆಯದಲ್ಲ. ಬದಲಿಗೆ ಏನು ಕೊಡಬೇಕೆಂದು ಕೇಳಿ. ಸಕ್ಕರೆಯ ಗುಳಿಗೆಯ ಹೆಸರು ‘ಗ್ಲಿಫ್ಲೋಜಿನ್’ ಎಂದು ಮುಗಿಯುತ್ತಿದ್ದರೆ ಅದನ್ನು ಮೂರ್ನಾಲ್ಕು ದಿನ ಮೊದಲು ನಿಲ್ಲಿಸಬೇಕಾಗುತ್ತದೆ. ಅದನ್ನೂ ಡಾಕ್ಟರಿಗೆ ನೆನಪಿಸಿ.

ಎರಡೂ ಕಾಲು ಒಂದೇ ಸಲ ಮಾಡಿಸಿದರೆ ಆಸ್ಪತ್ರೆಯ ಓಡಾಟ ಒಂದೇ ಸಲ ಎಂಬ ಅಣ್ಣನ ಲೆಕ್ಕ ಅರ್ಥವಾಗುತ್ತದೆ. ಆದರೆ ಆ ಭಾರವೆಲ್ಲ ಹೃದಯದ ಮೇಲೆ ಒಟ್ಟಿಗೇ ಬೀಳುತ್ತದೆ. ಅಟಲ್ ಬಿಹಾರಿ ವಾಜಪೇಯಿ ಪ್ರಧಾನಿಯಾಗಿದ್ದಾಗ, ಒಂದೇ ಮೂತ್ರಪಿಂಡದ ಮೇಲೆ ಬದುಕಿದ್ದ ಅವರಿಗೆ ಮುಂಬೈಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಡಾ. ಚಿತ್ತರಂಜನ್ ರಾಣಾವತ್ ಎಡಮೊಣಕಾಲು ಬದಲಿಸಿದ್ದು 2000ರ ಅಕ್ಟೋಬರ್‌ನಲ್ಲಿ, ಬಲಮೊಣಕಾಲು 2001ರ ಜೂನ್‌ನಲ್ಲಿ. ದೇಶದ ಪ್ರಧಾನಿಗೇ ಎಂಟು ತಿಂಗಳ ಬಿಡುವು ಸಿಕ್ಕಿದ ಮೇಲೆ ನಿಮ್ಮ ಅವ್ವನಿಗೂ ಸಿಗಲಿ.

ಖರ್ಚಿನ ಮಾತು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮೊಣಕಾಲಿನ ಬೆಲೆಗೆ ಮಿತಿ ಹಾಕಿತು. ಹೆಚ್ಚು ಬಳಕೆಯ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ಆಗ ನಿಗದಿಯಾದದ್ದು ತೆರಿಗೆ ಬಿಟ್ಟು 54,720 ರೂಪಾಯಿ. ಆದ್ದರಿಂದ ಬಿಲ್ಲಿನಲ್ಲಿ ಕೀಲಿನ ದರ ಬೇರೆ, ಆಸ್ಪತ್ರೆಯ ದರ ಬೇರೆ ಬರೆಸಿಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಈ ಆಪರೇಷನ್ನಿಗೆ ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ, ಶಿಫಾರಸು ಪತ್ರ ಬೇಕೇ ಎಂದು ಹಾವೇರಿ ಜಿಲ್ಲಾಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಮುಂಚಿತವಾಗಿ ಕೇಳಿ. ದಾಖಲಾದ ಮೇಲೆ ಕೇಳಿದರೆ ತಡವಾಗುತ್ತದೆ.

ಮನೆಯಲ್ಲೂ ಕೆಲಸವಿದೆ. ಕಮೋಡ್, ಎತ್ತರದ ಮಂಚ, ಹಿಡಿದು ನಿಲ್ಲಲು ಗೋಡೆಗೊಂದು ಕಂಬಿ ಬೇಕು. ಮಲಗಿದಲ್ಲೇ ಕಾಲು ನೆಟ್ಟಗೆ ಎತ್ತಿಳಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಯವರಿಂದ ಈಗಲೇ ಕಲಿತರೆ, ಆಪರೇಷನ್ ನಂತರ ನಡೆಯುವುದು ಸುಲಭ. ಹೊಸ ಮೊಣಕಾಲು ಬಂದರೂ ನೆಲಕ್ಕೆ ಕೂತು ಮೆಣಸಿನಕಾಯಿ ಬಿಡಿಸುವ ಕೆಲಸ ಅವರಿಗೆ ಬೇಡ. ಇದನ್ನು ಅವರಿಗೆ ಮೊದಲೇ ತಿಳಿಸಿ ಹೇಳಿ.

ನಿಮ್ಮ ಪತ್ರದಲ್ಲಿ ಅಣ್ಣನ ಮಾತಿದೆ, ಓಣಿಯವರ ಮಾತಿದೆ, ಅವ್ವನ ಮಾತೊಂದೇ ಇಲ್ಲ. ಅವರಿಗೆ ಆಪರೇಷನ್ ಬೇಕೇ, ಭಯ ಯಾವುದರದ್ದು ಎಂದು ಒಂದು ಸಂಜೆ ಬಳಿ ಕೂತು ಕೇಳಿ. ಅವರು ಹೂಂ ಅಂದರೆ, ಆ ಹಾಳೆ ಹಿಡಿದು ಮೊದಲು ಹೃದಯದ ಡಾಕ್ಟರ ಹತ್ತಿರ, ನಂತರ ಸಕ್ಕರೆಯ ಡಾಕ್ಟರ ಹತ್ತಿರ, ಕೊನೆಗೆ ಎಲುಬಿನ ಡಾಕ್ಟರ ಹತ್ತಿರ ಹೋಗಿ. ಮೂವರೂ ಒಪ್ಪಿ ಬರೆದುಕೊಟ್ಟ ಮೇಲೆ ತಾರೀಖು ಗೊತ್ತುಮಾಡಿ.