ಮುಜಿರಿಸ್: ಒಂದು ಬಂದರಿನ ಲೆಕ್ಕಪತ್ರ

ನಾನು ವಾಣಿಜ್ಯದ ವಿದ್ಯಾರ್ಥಿ. ಇತಿಹಾಸವೆಂದರೆ ರಾಜರ ಪಟ್ಟಿ ಅಂತ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿ ಕೈಬಿಟ್ಟವನು. ಆದರೆ ಎರ್ನಾಕುಲಂನಿಂದ ಸುಮಾರು ೨೫ ಕಿ.ಮೀ. ಉತ್ತರಕ್ಕೆ, ಪರವೂರಿನ ಹತ್ತಿರವಿರುವ ಪಟ್ಟಣಂ ಎಂಬ ಹಳ್ಳಿಯ ವಿಚಾರ ಓದಿದಾಗ, ಅರೆ, ಇದು ನಮ್ಮ ಪಾಠವೇ ಅಲ್ಲವೇ ಅನ್ನಿಸಿತು.

ಪೆರಿಯಾರ್ ನದಿ ಕಡಲು ಸೇರುವಲ್ಲಿ ಮುಚಿರಿ ಎಂಬ ಬಂದರಿತ್ತು. ಯವನರ ಹಡಗುಗಳು ಹೊನ್ನು ತಂದು ಮೆಣಸು ಒಯ್ಯುತ್ತಿದ್ದವೆಂದು ತಮಿಳಿನ ಸಂಗಂ ಕಾವ್ಯ ಹೇಳುತ್ತದೆ. ಗ್ರೀಕರೂ ರೋಮನರೂ ಅದನ್ನೇ ಮುಜಿರಿಸ್ ಎಂದರು. ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿಗೆ ಮಾತ್ರ ಈ ಬಂದರು ಹಿಡಿಸಲಿಲ್ಲ. ಹತ್ತಿರದಲ್ಲೇ ನೀತ್ರಿಯಾಸಿನ ಕಡಲ್ಗಳ್ಳರ ಕಾಟ. ಸಾಲದ್ದಕ್ಕೆ ಹಡಗು ದಡದಿಂದ ದೂರ ನಿಲ್ಲಬೇಕು, ಸರಕನ್ನು ದೋಣಿಗಳಲ್ಲಿ ಸಾಗಿಸಬೇಕು. (ನೀತ್ರಿಯಾಸ್ ಎಂದರೆ ನೇತ್ರಾವತಿಯ ಕಡೆಯೆಂದೂ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪವೆಂದೂ ಪಂಡಿತರ ಊಹೆ. ಅಂತೂ ಕಳ್ಳರು ನಮ್ಮ ಕಡೆಯವರೇ!)

ನನ್ನನ್ನು ಹಿಡಿದು ನಿಲ್ಲಿಸಿದ್ದು ವಿಯೆನ್ನಾದ ಗ್ರಂಥಾಲಯದಲ್ಲಿರುವ ಎರಡನೆಯ ಶತಮಾನದ ಒಂದು ಹರಕು ಪಪೈರಸ್. ಅದು ೧೯೮೫ರಲ್ಲಿ ಪ್ರಕಟವಾಯಿತು. ಒಂದು ಮಗ್ಗುಲಲ್ಲಿ ಮುಜಿರಿಸ್ ವ್ಯಾಪಾರದ ಸಾಲದ ಕರಾರು ಇದೆ. ಸರಕು ಕೆಂಪು ಸಮುದ್ರದ ದಡದಲ್ಲಿ ಇಳಿದು, ಒಂಟೆಯ ಮೇಲೆ ಮರುಭೂಮಿ ದಾಟಿ ಕೊಪ್ಟೋಸ್‌ಗೆ, ಅಲ್ಲಿಂದ ನೈಲ್ ನದಿಯಲ್ಲಿ ಅಲೆಕ್ಸಾಂಡ್ರಿಯಾಕ್ಕೆ ಹೋಗಬೇಕು. ಸುಂಕ ನಾಲ್ಕರಲ್ಲಿ ಒಂದು ಪಾಲು. ವಾಯಿದೆಗೆ ಸಾಲ ತೀರದಿದ್ದರೆ ಅಡವಿಟ್ಟದ್ದೆಲ್ಲ ಸಾಲ ಕೊಟ್ಟವನ ವಶ. ನಮ್ಮ ತರಗತಿಯ ಅಡಮಾನದ ಪಾಠಕ್ಕೂ ಇದಕ್ಕೂ ಏನು ವ್ಯತ್ಯಾಸ, ನೀವೇ ಹೇಳಿ? ಹಿಂಬದಿಯಲ್ಲಿ ಹರ್ಮಪೊಲ್ಲಾನ್ ಎಂಬ ಹಡಗಿನ ಸರಕು, ತೂಕ, ಬೆಲೆ. ಒಟ್ಟು ೭೦ ಲಕ್ಷ ದ್ರಾಖ್ಮದ ಹತ್ತಿರ ಹೋಗುತ್ತದೆ. ಅದರಲ್ಲಿ ಆನೆದಂತವಿದೆ, ಗಂಗೆಯ ಕಡೆಯ ಜಟಾಮಾಂಸಿಯೂ ಇದೆ. ಅಂದರೆ ಹಿಮಾಲಯದ ಬೇರು ಕೇರಳದ ಕರಾವಳಿಗೆ ಬಂದು ಹಡಗು ಹತ್ತುತ್ತಿತ್ತು! ಆದರೆ ಬೆಟ್ಟದಲ್ಲಿ ಮೆಣಸು ಕೊಯ್ದವನಿಗೆ ಎಷ್ಟು ಸಿಕ್ಕಿತು? ಆ ಕಲಮು ಈ ಲೆಕ್ಕದಲ್ಲಿಲ್ಲ.

ಪಟ್ಟಣಂನಲ್ಲಿ ೨೦೦೭ರಿಂದ ಅಗೆದಾಗ ರೋಮನ್ ದ್ರಾಕ್ಷಾಮದ್ಯದ ಜಾಡಿಗಳ ಚೂರುಗಳು, ಮಣಿಗಳು, ಒಂದು ಮರದ ದೋಣಿ ಸಿಕ್ಕವು. ಇದೇ ಮುಜಿರಿಸ್ ಎಂದರು ಅಗೆದವರು. ಕೆಲವು ಇತಿಹಾಸಕಾರರು ಒಪ್ಪಲಿಲ್ಲ. ಕೊಡುಂಗಲ್ಲೂರಿನ ಪಕ್ಷ ಹಳೆಯದು. ಬಂದರೆಂದರೆ ಒಂದೇ ಅಂಗಡಿಯಲ್ಲವಲ್ಲ, ನದಿಯುದ್ದಕ್ಕೂ ಹರಡಿದ್ದಿರಬಹುದು ಅಂತ ನನ್ನ ಅಭಿಪ್ರಾಯ.

ಸುಮಾರು ಕ್ರಿ.ಶ. ೧೦೦೦ರಲ್ಲಿ ಚೇರ ದೊರೆ ಭಾಸ್ಕರ ರವಿವರ್ಮ ಮುಯಿರಿಕ್ಕೋಡಿನಲ್ಲಿದ್ದಾಗ ಜೋಸೆಫ್ ರಬ್ಬಾನ್ ಎಂಬ ಯೆಹೂದಿ ಪ್ರಮುಖನಿಗೆ ತಾಮ್ರಶಾಸನ ಬರೆಸಿಕೊಟ್ಟ. ಹಗಲುದೀಪ, ಪಲ್ಲಕ್ಕಿ, ಕೊಡೆಯ ಗೌರವ, ಜೊತೆಗೆ ತೆರಿಗೆಯ ವಿನಾಯಿತಿ. ಅಲ್ಲಿ ಕಾಲುಭಾಗ ಸುಂಕ, ಇಲ್ಲಿ ಮಾಫಿ! ವರ್ತಕರನ್ನು ಉಳಿಸಿಕೊಳ್ಳಲು ರಾಜನಿಗೆ ಬೇರೆ ದಾರಿ ಇರಲಿಲ್ಲವೇನೋ.

೧೩೪೧ರಲ್ಲಿ ಪೆರಿಯಾರ್ ಉಕ್ಕಿ ಹಳೆಯ ಬಂದರು ಹೂಳಿನಲ್ಲಿ ಮುಚ್ಚಿತು, ಕೊಚ್ಚಿಯ ಅಳಿವೆ ತೆರೆಯಿತು ಎಂಬುದು ಪರಂಪರೆಯ ಮಾತು. ದಡಕ್ಕೆ ಬಾರದ ಹಡಗಿನ ಬಗ್ಗೆ ಪ್ಲಿನಿ ಗೊಣಗಿದ್ದು ನೆನಪಾಗುತ್ತದೆ. ವ್ಯಾಪಾರ ಕೊಚ್ಚಿಗೆ ಸರಿಯಿತು, ಯೆಹೂದಿಗಳೂ ಬಂದರು. ೧೫೬೮ರಲ್ಲಿ ಮಟ್ಟಾಂಚೇರಿಯಲ್ಲಿ ಪರದೇಶಿ ಸಿನಗಾಗ್ ಎದ್ದಿತು. ಆ ತಾಮ್ರಶಾಸನವೂ ಕೊಚ್ಚಿಗೇ ಬಂದು ಸೇರಿತು.