ವಿಕಿರಣ ಚಿಕಿತ್ಸೆಯ ನಂತರ ಚರ್ಮದ ಆರೈಕೆ: ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ

ಸ್ತನ ಕ್ಯಾನ್ಸರ್‌ನ ಶಸ್ತ್ರಚಿಕಿತ್ಸೆಯ ನಂತರ ಅನೇಕ ಮಹಿಳೆಯರಿಗೆ ವಿಕಿರಣ ಚಿಕಿತ್ಸೆ ಅಗತ್ಯವಾಗುತ್ತದೆ. ಸಾಮಾನ್ಯವಾಗಿ ವಾರಕ್ಕೆ 5 ದಿನಗಳಂತೆ 3ರಿಂದ 5 ವಾರ ಇದು ನಡೆಯುತ್ತದೆ. ದೇವರಾಯನದುರ್ಗ, ಗುಬ್ಬಿ, ಕುಣಿಗಲ್ ಭಾಗಗಳಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂತಹ ಕೇಂದ್ರಕ್ಕೆ ಹೋಗಿಬರುವವರಿಗೆ ಪ್ರಯಾಣದ ಬಿಸಿಲು, ಬೆವರು ಹಾಗೂ ಧೂಳು ಚರ್ಮದ ತೊಂದರೆಯನ್ನು ಹೆಚ್ಚಿಸುತ್ತವೆ.

ಕಂಡುಬರುವ ಬದಲಾವಣೆಗಳು: ಚಿಕಿತ್ಸೆ ಆರಂಭವಾದ 2-3 ವಾರಗಳಲ್ಲಿ ಚರ್ಮ ಕೆಂಪಾಗುತ್ತದೆ, ಕಪ್ಪು ಮೈಬಣ್ಣದವರಲ್ಲಿ ಮತ್ತಷ್ಟು ಕಪ್ಪಾಗುತ್ತದೆ. ತುರಿಕೆ, ಉರಿ, ಸಿಪ್ಪೆ ಏಳುವುದು ಸಾಮಾನ್ಯ. ಕಂಕುಳು ಹಾಗೂ ಸ್ತನದ ಕೆಳಮಡಿಕೆಯಲ್ಲಿ ಚರ್ಮ ಕಿತ್ತು ನೀರು ಒಸರಬಹುದು. ಚಿಕಿತ್ಸೆ ಮುಗಿದ ನಂತರವೂ 1-2 ವಾರ ಇದು ಉಲ್ಬಣಿಸಿ, ಬಳಿಕ ಕ್ರಮೇಣ ಮಾಯುತ್ತದೆ. ಕೆಲವರಲ್ಲಿ ತಿಂಗಳುಗಳು ಅಥವಾ ವರ್ಷಗಳ ನಂತರ ಚರ್ಮ ಗಡುಸಾಗುವುದು, ತೋಳು ಬಾಯುವುದು ಉಂಟು.

ಪಾಲಿಸಬೇಕಾದ ಕ್ರಮ: ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಉಜ್ಜದೆ ಮೆತ್ತಗೆ ಒತ್ತಿ ಒರೆಸತಕ್ಕದ್ದು. ಸಡಿಲವಾದ ಹತ್ತಿ ಉಡುಪು ಧರಿಸತಕ್ಕದ್ದು. ವೈದ್ಯರು ಹಾಕಿದ ಗುರುತುಗಳನ್ನು ಅಳಿಸಬಾರದು. ಅರಿಶಿನ, ಸುಣ್ಣ, ವಿಭೂತಿ, ಸೊಪ್ಪಿನ ರಸ ಹಚ್ಚುವುದಾಗಲಿ, ಬಿಸಿ ಶಾಖ ಕೊಡುವುದಾಗಲಿ ಸಲ್ಲದು. ವೈದ್ಯರು ಸೂಚಿಸಿದ ಮುಲಾಮನ್ನಷ್ಟೇ ಬಳಸತಕ್ಕದ್ದು. ಜ್ವರ, ಕೀವು, ದುರ್ವಾಸನೆ ಅಥವಾ ಹೆಚ್ಚುತ್ತಿರುವ ನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ತಿಳಿಸತಕ್ಕದ್ದು.

ಎರಡು ತಪ್ಪು ಕಲ್ಪನೆಗಳು: ಚರ್ಮ ಕಪ್ಪಾಯಿತೆಂದು ಹೆದರಿ ಚಿಕಿತ್ಸೆಯನ್ನು ನಡುವೆಯೇ ನಿಲ್ಲಿಸಿದರೆ ರೋಗ ಮರುಕಳಿಸುವ ಅಪಾಯ ಹೆಚ್ಚುತ್ತದೆ. ಹೊರಗಿನ ಯಂತ್ರದಿಂದ ನೀಡುವ ವಿಕಿರಣವು ರೋಗಿಯ ಮೈಯಲ್ಲಿ ಉಳಿಯುವುದಿಲ್ಲ. ಆಕೆ ಮಗುವನ್ನು ಎತ್ತಿಕೊಳ್ಳಬಹುದು, ಎಲ್ಲರೊಡನೆ ಊಟ ಮಾಡಬಹುದು. ಈ ವಿಷಯ ತಿಳಿಯದೆ ಆಕೆಯನ್ನು ದೂರವಿಡುವುದು ಗಾಯಕ್ಕಿಂತ ಹೆಚ್ಚಿನ ನೋವು.

ಸದಸ್ಯರ ಹೊಣೆ: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ನೆರವಿದ್ದರೂ, ನಿತ್ಯದ ಓಡಾಟದ ಖರ್ಚು ಬಡ ಕುಟುಂಬಕ್ಕೆ ಹೊರೆಯೇ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಕ್ತ ನಿಧಿಯನ್ನು ಕಡುಬಡ ಕುಟುಂಬದ ಚಿಕಿತ್ಸಾ ಅಗತ್ಯಕ್ಕೆ ಬಳಸಲು ಅವಕಾಶವಿರುವುದರಿಂದ, ಅರ್ಹ ಪ್ರಕರಣಗಳನ್ನು ಸಮಿತಿಯ ಸಭೆಯಲ್ಲಿ ಮಂಡಿಸತಕ್ಕದ್ದು. ಚಿಕಿತ್ಸೆ ಮುಗಿಸಿ ಬಂದವರ ಮನೆಗೆ ಆಶಾ ಕಾರ್ಯಕರ್ತೆಯು ಮೊದಲ ತಿಂಗಳು ವಾರಕ್ಕೊಮ್ಮೆ ಭೇಟಿ ನೀಡುವಂತೆ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಕೋರತಕ್ಕದ್ದು. ಉದ್ಯೋಗ ಖಾತರಿ ಕೆಲಸಕ್ಕೆ ಬರುವವರಾದರೆ, ವೈದ್ಯರ ಸಲಹೆಯಂತೆ ನೆರಳಿನಲ್ಲಿ ಮಾಡುವ ಹಗುರ ಕೆಲಸ ಒದಗಿಸಲು ಕ್ರಮ ವಹಿಸತಕ್ಕದ್ದು. ರೋಗಿಯ ಒಪ್ಪಿಗೆಯಿಲ್ಲದೆ ಆಕೆಯ ಹೆಸರನ್ನಾಗಲಿ, ಕಾಯಿಲೆಯನ್ನಾಗಲಿ ಸಭೆಯಲ್ಲಿ ಬಹಿರಂಗಪಡಿಸಬಾರದು.

ಚರ್ಚೆಗೆ: ನಿಮ್ಮ ಗ್ರಾಮದಿಂದ ಚಿಕಿತ್ಸೆಗೆ ಹೋಗುವ ಮಹಿಳೆಗೆ ಬೆಳಗಿನ ಬಸ್ಸಿನ ಸೌಕರ್ಯವಿದೆಯೇ? ಆಕೆ ಹಿಂದಿರುಗಿದಾಗ ವಿಚಾರಿಸುವವರು ಯಾರು?