ಬಿಟಿ ಹತ್ತಿಯ ಎಲೆ ಪರೀಕ್ಷೆ: ಪಟ್ಟಿಯ ಗೆರೆಗಳನ್ನು ಓದುವ ಬಗೆ

ಬಿಟಿ ಬೀಜವೆಂದು ಕೊಂಡು ಬಿತ್ತಿದ ಹತ್ತಿಯಲ್ಲಿ ಹುಳು ಕಂಡೊಡನೆ "ಬೀಜವೇ ಖೊಟ್ಟಿ" ಎಂಬ ಮಾತು ಏಳುತ್ತದೆ. ಇದು ನಿಜವೇ ಎಂದು ಹೊಲದಲ್ಲಿಯೇ ತಿಳಿಯಲು ಪರೀಕ್ಷಾ ಪಟ್ಟಿಗಳಿವೆ. ಆದರೆ ಪಟ್ಟಿಯು ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತದೆಂಬುದನ್ನು ರೈತ ಬಾಂಧವರು ಮರೆಯಬಾರದು.

ತತ್ವ

ಬಿಟಿ ಗಿಡದಲ್ಲಿ ಮಣ್ಣಿನ ಒಂದು ಸೂಕ್ಷ್ಮಾಣುವಿನಿಂದ ತಂದ ವಂಶವಾಹಿ ಇರುತ್ತದೆ. ಗಿಡದ ಜೀವಕೋಶವು ಅದನ್ನು ನಕಲು ಮಾಡಿಕೊಂಡು, ಆ ನಕಲಿನಂತೆ ಹುಳುವಿಗೆ ವಿಷವಾಗುವ ಪ್ರೋಟೀನನ್ನು ತಯಾರಿಸುತ್ತದೆ. ಪಟ್ಟಿಯಲ್ಲಿರುವುದು ಪ್ರತಿಕಾಯ. ಮೊಲದಂತಹ ಪ್ರಾಣಿಗೆ ಈ ಪ್ರೋಟೀನನ್ನು ಚುಚ್ಚಿದರೆ ಅದರ ರಕ್ತದಲ್ಲಿ ಪ್ರತಿಕಾಯ ಹುಟ್ಟುತ್ತದೆ. ಬೀಗಕ್ಕೆ ತಕ್ಕ ಕೀಲಿಯಂತೆ ಅದು ಆ ಪ್ರೋಟೀನನ್ನೇ ಗುರುತಿಸಿ ಹಿಡಿಯುತ್ತದೆ.

ವಿಧಾನ

ಎಳೆಯ ಎಲೆಯ ಸಣ್ಣ ಚೂರನ್ನು ಕೊಟ್ಟ ದ್ರಾವಣದಲ್ಲಿ ಅರೆದು ಪಟ್ಟಿಯ ತುದಿಯನ್ನು ಅದ್ದಬೇಕು. ಸುಮಾರು ಹತ್ತು ನಿಮಿಷದಲ್ಲಿ ಫಲಿತಾಂಶ ದೊರೆಯುತ್ತದೆ. ಎರಡು ಗೆರೆ ಮೂಡಿದರೆ ಪ್ರೋಟೀನ್ ಇದೆ. ಮೇಲಿನ ಒಂದೇ ಗೆರೆ ಮೂಡಿದರೆ ಅದು ಪತ್ತೆಯಾಗಿಲ್ಲ. ಮೇಲಿನ ಗೆರೆಯೇ ಮೂಡದಿದ್ದರೆ ಪಟ್ಟಿ ಕೆಟ್ಟಿದೆಯೆಂದು ತಿಳಿದು ಮತ್ತೊಂದನ್ನು ಬಳಸಬೇಕು.

ಒಂದು ಗಿಡದಿಂದ ತೀರ್ಮಾನ ಬೇಡ

ಕನಿಷ್ಠ 20 ಗಿಡಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಿರಿ. ಆಶ್ರಯ ಬೆಳೆಗೆಂದು ಬಿಟಿ ಅಲ್ಲದ ಬೀಜವನ್ನು ಪೊಟ್ಟಣದಲ್ಲೇ ಬೆರೆಸಿದ್ದರೆ ಒಂದೆರಡು ಗಿಡಗಳಲ್ಲಿ ಪ್ರೋಟೀನ್ ಇಲ್ಲದಿರುವುದು ಸಹಜ. ಆದರೆ ಸುಮಾರು 5 ಗಿಡಗಳಲ್ಲಿ ಇಲ್ಲವಾದರೆ ಅದು ಸಂಕರಣ ಬೆಳೆಯಿಂದ ಉಳಿಸಿದ ಎರಡನೇ ಪೀಳಿಗೆಯ ಬೀಜವಿರಬಹುದು. ಅಂತಹ ಬೀಜದಲ್ಲಿ ನಾಲ್ಕರಲ್ಲಿ ಒಂದು ಗಿಡಕ್ಕೆ ಆ ವಂಶವಾಹಿ ಬರುವುದಿಲ್ಲ. ಯಾವ ಗಿಡದಲ್ಲಿಯೂ ಇಲ್ಲವಾದರೆ ಸಂಶಯಕ್ಕೆ ಬಲವಾದ ಕಾರಣವಿದೆ. ಚೀಲ, ರಸೀದಿ ಮತ್ತು ಸ್ವಲ್ಪ ಬೀಜವನ್ನು ಜೋಪಾನವಾಗಿಟ್ಟು ಕೃಷಿ ಅಧಿಕಾರಿಗಳಿಗೆ ಲಿಖಿತ ದೂರು ಕೊಡಿರಿ.

ಎರಡು ಗೆರೆ ಇದ್ದರೂ ಹುಳು ಏಕೆ?

ಪಟ್ಟಿಯು ಪ್ರೋಟೀನ್ ಇದೆಯೆಂದು ಹೇಳುತ್ತದೆ, ಎಷ್ಟಿದೆಯೆಂದು ಹೇಳುವುದಿಲ್ಲ. ಬೆಳೆ ಬಲಿತಂತೆ ಅದರ ಪ್ರಮಾಣ ಇಳಿಯುತ್ತದೆ. ಕಾಯಿಯ ಭಾಗಗಳಲ್ಲಿ ಎಲೆಗಿಂತ ಕಡಿಮೆ. ಅಲ್ಲದೆ ಹುಳುವೇ ಬದಲಾಗಿದೆ. ನಮ್ಮ ದೇಶದಲ್ಲಿ ಬಿಟಿ ಹತ್ತಿಗೆ 2002ರಲ್ಲಿ, ಎರಡು ವಂಶವಾಹಿಗಳ ತಳಿಗೆ 2006ರಲ್ಲಿ ಅನುಮತಿ ದೊರೆಯಿತು. ಮುಂದೆ ಗುಲಾಬಿ ಕಾಯಿಕೊರಕವು ಎರಡೂ ಪ್ರೋಟೀನುಗಳನ್ನು ತಾಳಿಕೊಳ್ಳುವ ಶಕ್ತಿ ಪಡೆಯಿತು. ಆದ್ದರಿಂದ ಅಸಲಿ ಬೀಜದ ಹೊಲದಲ್ಲಿಯೂ ಈ ಹುಳು ಬರುತ್ತದೆ.

ಪಟ್ಟಿಯಲ್ಲಿ ಎರಡು ಗೆರೆ ಕಂಡಿತೆಂದು ನಿಶ್ಚಿಂತರಾಗಬೇಡಿರಿ. ಎಕರೆಗೆ ಎರಡು ಮೋಹಕ ಬಲೆ ಹಾಕಿ, ಮೂರು ರಾತ್ರಿ ಸತತವಾಗಿ ಬಲೆಯೊಂದಕ್ಕೆ 8 ಪತಂಗ ಬಿದ್ದರೆ ಹತೋಟಿ ಕ್ರಮ ಕೈಗೊಳ್ಳಿರಿ. ಕೊನೆಯ ಬಿಡಿಸುವಿಕೆಯ ನಂತರ ಹತ್ತಿ ಕಟ್ಟಿಗೆಯನ್ನು ಹೊಲದಲ್ಲಿ ಉಳಿಸಬೇಡಿರಿ.